ತಲೆ ಅರ್ಧ ಮಿಲಿಮೀಟರ್ ಅಲುಗಿದರೆ

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾವೇರಿ, ಕಪಿಲೆ ಕೂಡುವ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕದಷ್ಟು ಹೆಚ್ಚು ಎಂಬುದಕ್ಕೆ ಅದು ಗುರುತು ಎನ್ನುತ್ತಾರೆ ಊರಿನವರು. ಗುಲಗಂಜಿ ಬರೀ ಸ್ಥಳಪುರಾಣದ ಕಾಳಲ್ಲ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದೂ ಅದರಲ್ಲೇ. ಒಂದು ಕಾಳಿನ ತೂಕ ಸುಮಾರು 0.12 ಗ್ರಾಂ. ಭತ್ತದ ಮೂಟೆ ತೂಗುವವನಿಗೆ ಅದು ಲೆಕ್ಕಕ್ಕೇ ಇಲ್ಲ. ಮೂಗುಬೊಟ್ಟು ತೂಗುವವನ ತಕ್ಕಡಿಯಲ್ಲಿ ಮಾತ್ರ ಒಂದು ಗುಲಗಂಜಿ ಹೆಚ್ಚುಕಡಿಮೆಯಾದರೆ ಜಗಳವೇ ಆಗುತ್ತದೆ. ಯಾವುದು ಸಣ್ಣದು, ಯಾವುದು ದೊಡ್ಡದು ಎಂಬುದು ಅಳೆಯುವ ವಸ್ತುವಿನ ಮೇಲೆ ನಿಂತಿದೆ.

ಮಿದುಳು ಕೆಲಸ ಮಾಡುವುದನ್ನು ಚಿತ್ರದಲ್ಲಿ ಹಿಡಿಯುವ ವಿಜ್ಞಾನಿಗಳಿಗೂ ಇಂಥದೊಂದು ಗುಲಗಂಜಿ ಇದೆ. ಯಂತ್ರದೊಳಗೆ ಮಲಗಿದವರ ತಲೆಯ ಅಲುಗಾಟವೇ ಅದು. ಹೆಚ್ಚೇನೂ ಅಲ್ಲ, ಅರ್ಧ ಮಿಲಿಮೀಟರ್. ನೋಟುಪುಸ್ತಕದ ಐದಾರು ಹಾಳೆಗಳನ್ನು ಒಟ್ಟಿಗೆ ಹಿಡಿದಷ್ಟು ದಪ್ಪ. ಆದರೆ ಇಷ್ಟು ಅಲುಗಾಟವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದುದರಿಂದ, ಮಕ್ಕಳ ಮಿದುಳು ಬೆಳೆಯುವ ರೀತಿಯ ಬಗ್ಗೆ ಹೇಳಿದ ಒಂದು ದೊಡ್ಡ ಮಾತನ್ನು ವಿಜ್ಞಾನಿಗಳು 2012ರಲ್ಲಿ ತಿದ್ದಿಕೊಳ್ಳಬೇಕಾಯಿತು. ಅಳತೆಯ ದೋಷ ಎಂದರೇನು, ಅದನ್ನು ತೆಗೆಯುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ರಕ್ತ ತರುವ ಸುದ್ದಿ

ಎಂ.ಆರ್.ಐ. ಯಂತ್ರವೆಂದರೆ ಮನುಷ್ಯ ಮಲಗುವಷ್ಟು ಅಗಲದ ಒಂದು ಕೊಳವೆ, ಅದರ ಸುತ್ತ ಬಲವಾದ ವಿದ್ಯುತ್ಕಾಂತ. ದೊಡ್ಡ ಆಸ್ಪತ್ರೆಗಳಲ್ಲಿರುವ 3 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 60 ಸಾವಿರ ಪಟ್ಟು ಬಲವಾದುದು. ಶರೀರದಲ್ಲಿ ಬಹುಪಾಲು ಇರುವುದು ನೀರು. ನೀರಿನಲ್ಲಿರುವ ಹೈಡ್ರೊಜನ್ ನ್ಯೂಕ್ಲಿಯಸ್‌ಗಳು ಈ ಕ್ಷೇತ್ರದಲ್ಲಿ ಬುಗುರಿಯಂತೆ ಓಲಾಡುತ್ತಾ ಸುತ್ತುತ್ತವೆ. 3 ಟೆಸ್ಲಾದಲ್ಲಿ ಅವು ಸೆಕೆಂಡಿಗೆ ಸುಮಾರು 12 ಕೋಟಿ 80 ಲಕ್ಷ ಸಲ ಓಲಾಡುತ್ತವೆ. ಅದೇ ಆವರ್ತದ, ಎಂದರೆ 128 ಮೆಗಾಹರ್ಟ್ಸ್‌ನ ರೇಡಿಯೋ ಅಲೆಯನ್ನು ಬಿಟ್ಟರೆ ಅವು ಶಕ್ತಿಯನ್ನು ಹೀರಿಕೊಂಡು ಮತ್ತೆ ಹೊರಕ್ಕೆ ಕೊಡುತ್ತವೆ. ಹಾಗೆ ಹಿಂತಿರುಗಿ ಬಂದ ಸಂಕೇತದಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಮೈಸೂರು ಆಕಾಶವಾಣಿಯ ಎಫ್.ಎಂ. ಕಾರ್ಯಕ್ರಮ ಬರುವುದು 100.6 ಮೆಗಾಹರ್ಟ್ಸ್‌ನಲ್ಲಿ. ಎರಡೂ ಅಕ್ಕಪಕ್ಕದ ಅಲೆಗಳೇ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದ ಡಾ. ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅದೇ ರೇಡಿಯೋ ಅಲೆ ಮುಂದೊಂದು ದಿನ ಮನಸ್ಸು ಕೆಲಸ ಮಾಡುವ ಜಾಗಗಳನ್ನೇ ತೋರಿಸಲಿದೆ ಎಂದು ಆಗ ಯಾರೂ ಎಣಿಸಿರಲಾರರು.

ಸಾಮಾನ್ಯ ಎಂ.ಆರ್.ಐ. ಮಿದುಳಿನ ರಚನೆಯನ್ನು ತೋರಿಸುತ್ತದೆ. ಅದು ಕೆಲಸ ಮಾಡುತ್ತಿರುವುದನ್ನು ತೋರಿಸುವ ವಿಧಾನಕ್ಕೆ ಎಫ್.ಎಂ.ಆರ್.ಐ. ಎಂದು ಹೆಸರು. ಇದರ ಗುಟ್ಟು ಇರುವುದು ರಕ್ತದಲ್ಲಿ. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್‌ಗೂ ಆಕ್ಸಿಜನ್ ಇಳಿಸಿದ ಹಿಮೋಗ್ಲೋಬಿನ್‌ಗೂ ಕಾಂತಗುಣ ಬೇರೆ ಬೇರೆ ಎಂದು ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದ್ದರು. ಮಿದುಳಿನ ಒಂದು ಭಾಗ ಕೆಲಸಕ್ಕೆ ತೊಡಗಿದಾಗ ಅಲ್ಲಿಗೆ ಬೇಕಾದುದಕ್ಕಿಂತ ಹೆಚ್ಚು ರಕ್ತ ಹರಿದು ಬರುತ್ತದೆ, ಆಕ್ಸಿಜನ್ ತುಂಬಿದ ರಕ್ತದ ಪಾಲು ಏರುತ್ತದೆ, ಎಂ.ಆರ್.ಐ. ಸಂಕೇತವೂ ಸ್ವಲ್ಪ ಏರುತ್ತದೆ. ಜಪಾನಿನ ಸೈಜಿ ಒಗಾವ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1990ರಲ್ಲಿ ಈ ಉಪಾಯವನ್ನು ಕಂಡುಕೊಂಡರು. 1992ರಲ್ಲಿ ಮೂರು ಬೇರೆ ಬೇರೆ ತಂಡಗಳು ಇದನ್ನು ಮನುಷ್ಯರ ಮೇಲೆ ಮಾಡಿ ತೋರಿಸಿದವು. ಸೂಜಿ ಇಲ್ಲ, ಎಕ್ಸ್-ರೇ ಇಲ್ಲ, ನೋವಿಲ್ಲ. ಮಲಗಿದ್ದರೆ ಸಾಕು. ಆದರೆ ಅಲುಗಾಡದೆ ಮಲಗಬೇಕು.

ಇಲ್ಲಿ 'ಸ್ವಲ್ಪ ಏರುತ್ತದೆ' ಎಂಬ ಮಾತನ್ನು ಗಮನಿಸಬೇಕು. ಆ ಏರಿಕೆ ಸಾಮಾನ್ಯವಾಗಿ ಶೇಕಡಾ 1 ಅಥವಾ 2. ಅಕ್ಕಸಾಲಿಗನ ತಕ್ಕಡಿ ಬೇಕಾಗುವುದು ಇದಕ್ಕೇ.

ಒಂದು ಸಣ್ಣ ಲೆಕ್ಕ

ಎಫ್.ಎಂ.ಆರ್.ಐ.ಯಲ್ಲಿ ಸುಮಾರು 2 ಸೆಕೆಂಡಿಗೊಂದರಂತೆ ಇಡೀ ಮಿದುಳಿನ ಚಿತ್ರ ತೆಗೆಯುತ್ತಾರೆ. 10 ನಿಮಿಷಕ್ಕೆ 300 ಚಿತ್ರ. ಪ್ರತಿ ಚಿತ್ರವನ್ನೂ ಪುಟ್ಟ ಪುಟ್ಟ ಘನಗಳಾಗಿ ಭಾಗಿಸುತ್ತಾರೆ. ಚಪ್ಪಟೆ ಚಿತ್ರದ ಚುಕ್ಕೆಗೆ ಪಿಕ್ಸೆಲ್ ಎನ್ನುವಂತೆ ಈ ಘನಕ್ಕೆ ವಾಕ್ಸೆಲ್ ಎನ್ನುತ್ತಾರೆ. ಅದರ ಒಂದು ಬದಿ 3 ಮಿಲಿಮೀಟರ್ ಎಂದು ಇಟ್ಟುಕೊಂಡರೆ, ಸುಮಾರು 1,300 ಘನ ಸೆಂಟಿಮೀಟರ್ ಗಾತ್ರದ ಮಿದುಳಿನಲ್ಲಿ 48 ಸಾವಿರದಷ್ಟು ವಾಕ್ಸೆಲ್‌ಗಳು ಹಿಡಿಸುತ್ತವೆ. (ವಿದ್ಯಾರ್ಥಿಗಳು 1,300ನ್ನು 0.027ರಿಂದ ಭಾಗಿಸಿ ನೋಡಬಹುದು.)

ಈಗ ಮಿದುಳಿನ ಅಂಚಿನಲ್ಲಿರುವ ಒಂದು ವಾಕ್ಸೆಲ್ ತೆಗೆದುಕೊಳ್ಳಿ. ಮಿದುಳಿನ ಒಳಗೆ ಸಂಕೇತದ ಬೆಲೆ 600, ಹೊರಗೆ ಸೊನ್ನೆ ಎಂದಿರಲಿ. ವಾಕ್ಸೆಲ್ ಪೂರ್ತಿ ಮಿದುಳಿನೊಳಗೇ ಇದ್ದಾಗ ಯಂತ್ರ 600 ಎಂದು ತೋರಿಸುತ್ತದೆ. ಮಲಗಿದವರು ಉಗುಳು ನುಂಗಿದರು, ತಲೆ ಅರ್ಧ ಮಿಲಿಮೀಟರ್ ಜರುಗಿತು. ಯಂತ್ರದ ವಾಕ್ಸೆಲ್ ಮಾತ್ರ ಇದ್ದಲ್ಲೇ ಇದೆ. ಅದರೊಳಗೆ ಈಗ 2.5 ಮಿಲಿಮೀಟರ್ ಮಿದುಳು, 0.5 ಮಿಲಿಮೀಟರ್ ಖಾಲಿ. ಬೆಲೆ 600 × 2.5 ÷ 3, ಎಂದರೆ 500. ಇಳಿಕೆ ಶೇಕಡಾ 16ಕ್ಕೂ ಹೆಚ್ಚು!

ಮಿದುಳಿನ ನಿಜವಾದ ಕೆಲಸದಿಂದ ಆಗುವ ಬದಲಾವಣೆ ಇದೇ ಲೆಕ್ಕದಲ್ಲಿ 6ರಿಂದ 12. ಅರ್ಧ ಮಿಲಿಮೀಟರ್ ಅಲುಗಾಟದಿಂದ ಆದದ್ದು 100. ಅಲುಗಾಟ ಹತ್ತನೇ ಒಂದು ಮಿಲಿಮೀಟರ್ ಎಂದರೂ ಬೆಲೆ 580ಕ್ಕೆ ಇಳಿಯುತ್ತದೆ, ಶೇಕಡಾ 3ಕ್ಕೂ ಹೆಚ್ಚು ವ್ಯತ್ಯಾಸ. ಎಂದರೆ ಅಲುಗಾಟದ ಸದ್ದಿನಲ್ಲಿ ಮಿದುಳಿನ ಪಿಸುಮಾತು ಮುಳುಗಿಹೋಗುತ್ತದೆ.

ಹೌದು, ಇಲ್ಲ, ಸರಿ ಸರಿ

ಗಟ್ಟಿ ವಸ್ತುವೊಂದು ಅಲುಗುವುದಕ್ಕೆ ಇರುವ ದಾರಿಗಳು ಆರೇ ಆರು. ಎಡಬಲಕ್ಕೆ, ಹಿಂದೆಮುಂದೆ, ಮೇಲೆಕೆಳಗೆ ಜರುಗುವುದು ಮೂರು. ತಿರುಗುವುದು ಮೂರು. ತಿರುಗುವ ಮೂರನ್ನು ತಲೆಯ ವಿಷಯದಲ್ಲಿ ನೆನಪಿಡುವುದು ಸುಲಭ. 'ಹೌದು' ಎಂದು ತಲೆದೂಗುವುದು ಒಂದು, 'ಇಲ್ಲ' ಎಂದು ಆಡಿಸುವುದು ಇನ್ನೊಂದು. ಮೂರನೆಯದು ತಲೆಯನ್ನು ಭುಜದ ಕಡೆಗೆ ವಾಲಿಸಿ 'ಸರಿ ಸರಿ' ಎನ್ನುವುದು. ಈ ಮೂರನೆಯದನ್ನು ಹೊರದೇಶದವರಿಗೆ ವಿವರಿಸಬೇಕಾಗುತ್ತದೆ, ಮೈಸೂರು ಸೀಮೆಯವರಿಗೆ ಬೇಕಿಲ್ಲ.

ತಿರುಗುವಿಕೆಯನ್ನು ಅಳೆಯುವುದು ಕೋನದಲ್ಲಿ, ಜರುಗುವಿಕೆಯನ್ನು ಮಿಲಿಮೀಟರಿನಲ್ಲಿ. ಎರಡನ್ನೂ ಕೂಡಿಸುವುದು ಹೇಗೆ? ತಲೆಯನ್ನು 50 ಮಿಲಿಮೀಟರ್ ತ್ರಿಜ್ಯದ ಗೋಳ ಎಂದು ಭಾವಿಸಿ, ಚಾಪದ ಉದ್ದ ಕಂಡುಹಿಡಿಯುತ್ತಾರೆ. ತ್ರಿಜ್ಯವನ್ನು ರೇಡಿಯನ್‌ನಲ್ಲಿರುವ ಕೋನದಿಂದ ಗುಣಿಸಿದರೆ ಚಾಪದ ಉದ್ದ ಬರುತ್ತದೆ ಎಂಬುದು ಕಾಲೇಜಿಗೆ ಕಾಲಿಟ್ಟ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಒಂದು ಡಿಗ್ರಿ ತಿರುಗಿದರೆ 50 × 0.0175, ಎಂದರೆ ಸುಮಾರು 0.87 ಮಿಲಿಮೀಟರ್. ಒಂದು ಚಿತ್ರಕ್ಕೂ ಅದರ ಹಿಂದಿನ ಚಿತ್ರಕ್ಕೂ ನಡುವೆ ಆದ ಆರು ಚಲನೆಗಳನ್ನು ಹೀಗೆ ಮಿಲಿಮೀಟರಿಗೆ ತಂದು ಕೂಡಿಸಿದರೆ, ಆ 2 ಸೆಕೆಂಡಿನಲ್ಲಿ ತಲೆ ಒಟ್ಟು ಎಷ್ಟು ಅಲುಗಿತು ಎಂಬುದಕ್ಕೆ ಒಂದೇ ಸಂಖ್ಯೆ ಸಿಗುತ್ತದೆ. ಪರಿಣತರು ತಮ್ಮ ವರದಿಗಳಲ್ಲಿ ಮೊದಲು ನೋಡುವ ಸಂಖ್ಯೆಗಳಲ್ಲಿ ಇದೂ ಒಂದು.

ಗೋಪುರ ಹಿಡಿದು ಸರಿಮಾಡುವುದು

ಆರು ಚಲನೆಗಳನ್ನು ಕಂಡುಹಿಡಿಯುವುದಾದರೂ ಹೇಗೆ? ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ನೂಕುನುಗ್ಗಲಿನ ನಡುವೆ ನಿಂತು ಯಾರೋ ರಥದ ವಿಡಿಯೋ ತೆಗೆದಿದ್ದಾರೆ ಎಂದುಕೊಳ್ಳಿ. ಚಿತ್ರದಲ್ಲಿ ರಥದ ಕಲಶ ಅತ್ತಿತ್ತ ಓಲಾಡುತ್ತದೆ. ಓಲಾಡಿದ್ದು ರಥವೋ, ಕ್ಯಾಮೆರಾ ಹಿಡಿದವನ ಕೈಯೋ? ತಿಳಿಯಬೇಕಾದರೆ ಹಿಂದೆ ಕಾಣುವ ಶ್ರೀಕಂಠೇಶ್ವರನ ಗೋಪುರವನ್ನು ನೋಡಬೇಕು. ಗೋಪುರ ಅಲುಗುವುದಿಲ್ಲ. ಚಿತ್ರದಲ್ಲಿ ಗೋಪುರವೂ ಅಲುಗಿದ್ದರೆ ಅದು ಕೈಯ ಅಲುಗಾಟ. ಪ್ರತಿ ಚಿತ್ರದಲ್ಲೂ ಗೋಪುರ ಒಂದೇ ಜಾಗಕ್ಕೆ ಬರುವಂತೆ ಚಿತ್ರಗಳನ್ನು ಜರುಗಿಸಿಬಿಟ್ಟರೆ, ಉಳಿದ ಓಲಾಟವೆಲ್ಲ ರಥದ್ದೇ.

ಮಿದುಳಿನ ಚಿತ್ರಗಳಲ್ಲಿ ಮೊದಲನೆಯದೋ ನಡುವಿನದೋ ಒಂದನ್ನು ಗೋಪುರವೆಂದು ಆರಿಸಿಕೊಳ್ಳುತ್ತಾರೆ. ಉಳಿದ ಪ್ರತಿಯೊಂದನ್ನೂ ಕಂಪ್ಯೂಟರ್ ಅದರ ಮೇಲಿಟ್ಟು, ಸ್ವಲ್ಪ ಜರುಗಿಸಿ, ಸ್ವಲ್ಪ ತಿರುಗಿಸಿ ನೋಡುತ್ತದೆ. ಎರಡು ಚಿತ್ರಗಳ ನಡುವೆ ವಾಕ್ಸೆಲ್ ವಾಕ್ಸೆಲ್‌ಗೂ ಇರುವ ವ್ಯತ್ಯಾಸವನ್ನು ವರ್ಗಮಾಡಿ ಕೂಡಿಸುತ್ತದೆ. ಆ ಮೊತ್ತ ಎಲ್ಲಿ ಅತಿ ಕಡಿಮೆಯೋ ಅಲ್ಲಿ ನಿಲ್ಲುತ್ತದೆ. ಆ ಚಿತ್ರದ ಆರು ಚಲನೆಗಳೂ ಹೀಗೆ ಸಿಗುತ್ತವೆ, ಚಿತ್ರವೂ ಜಾಗಕ್ಕೆ ಬಂದು ಕೂರುತ್ತದೆ.

ಇಷ್ಟಾದರೆ ಮುಗಿಯಿತು ಎಂದು ಮೊದಮೊದಲು ಅನೇಕರು ತಿಳಿದಿದ್ದರು. ಮುಗಿಯಲಿಲ್ಲ. ಒಂದು ಚಿತ್ರ ತೆಗೆಯಲು 2 ಸೆಕೆಂಡು ಬೇಕಲ್ಲ, ಯಂತ್ರ ಆಗ ಮಿದುಳನ್ನು ಬ್ರೆಡ್ಡಿನ ಹೋಳುಗಳಂತೆ ಒಂದಾದ ಮೇಲೆ ಒಂದು ಪದರವಾಗಿ ತೆಗೆಯುತ್ತಿರುತ್ತದೆ. ಹತ್ತನೆಯ ಪದರದಲ್ಲಿ ತಲೆ ಅಲುಗಿದರೆ ಮೊದಲ ಒಂಬತ್ತು ಒಂದು ಜಾಗದಲ್ಲಿ, ಉಳಿದವು ಇನ್ನೊಂದು ಜಾಗದಲ್ಲಿ. ಇಡೀ ಚಿತ್ರವನ್ನು ಎತ್ತಿ ಜರುಗಿಸಿದರೆ ಎರಡೂ ಸರಿಹೋಗುವುದಿಲ್ಲ. ಅಲ್ಲದೆ ಈಗಷ್ಟೇ ರೇಡಿಯೋ ಅಲೆಯಿಂದ ಶಕ್ತಿ ಪಡೆದ ಜಾಗ ಅಲುಗಾಟದಿಂದ ಪಕ್ಕದ ಪದರಕ್ಕೆ ಬಂದರೆ, ಅದಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗದೆ ಸಂಕೇತ ಬದಲಾಗುತ್ತದೆ. ಅದರ ಪರಿಣಾಮ ಮುಂದಿನ ಚಿತ್ರಗಳಿಗೂ ಹರಿಯುತ್ತದೆ. ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ್ದು ಇದನ್ನೇ. ಚಿತ್ರವನ್ನು ಜಾಗಕ್ಕೆ ತಂದ ಮೇಲೂ ಅಲುಗಾಟದ ಕಲೆ ಸಂಕೇತದಲ್ಲಿ ಉಳಿದಿರುತ್ತದೆ.

ಲ್ಯಾಕ್ಟೋಮೀಟರಿನ ಬುದ್ಧಿ

ಉಳಿದ ಕಲೆ ತೆಗೆಯುವ ವಿಧಾನ ಹಳ್ಳಿಯ ಹಾಲಿನ ಡೈರಿಯಲ್ಲಿ ಕೆಲಸ ಮಾಡಿದವರಿಗೆ ಹೊಸದಲ್ಲ. ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ಅಂಕಿ ಓದುತ್ತಾರೆ. ಆದರೆ ಆಗತಾನೆ ಕರೆದ ಬಿಸಿ ಹಾಲಿನಲ್ಲಿ ಒಂದು ಅಂಕಿ ಬರುತ್ತದೆ, ಅದೇ ಹಾಲು ತಣ್ಣಗಾದಾಗ ಇನ್ನೊಂದು. ಆದ್ದರಿಂದ ಹಾಲಿನ ಉಷ್ಣತೆಯನ್ನೂ ಅಳೆದು, ಉಷ್ಣತೆಯಿಂದ ಬಂದ ಪಾಲನ್ನು ಅಂಕಿಗೆ ಕೂಡಿಸುತ್ತಾರೆ ಅಥವಾ ಕಳೆಯುತ್ತಾರೆ. ಉಳಿದ ಅಂಕಿ ಹಾಲಿನದು. ಉಷ್ಣತೆ ಅಳೆಯದೆ ಹೋದರೆ ನೀರು ಬೆರೆಸದವನ ಮೇಲೂ ಅನುಮಾನ ಬರುತ್ತದೆ.

ಹಾಗೆಯೇ ಇಲ್ಲಿ ಪ್ರತಿ ವಾಕ್ಸೆಲ್‌ನ 300 ಅಂಕಿಗಳ ಏರಿಳಿತದಲ್ಲಿ ಆರು ಚಲನೆಗಳಿಂದ ವಿವರಿಸಬಹುದಾದ ಪಾಲೆಷ್ಟು ಎಂದು ಲೆಕ್ಕ ಹಾಕಿ ಕಳೆಯುತ್ತಾರೆ. ಈ ಕ್ಷಣದ ಚಲನೆ ಆರು, ಹಿಂದಿನ ಕ್ಷಣದ್ದು ಆರು, ಈ ಹನ್ನೆರಡರ ವರ್ಗಗಳು ಹನ್ನೆರಡು, ಒಟ್ಟು 24 ಅಂಶಗಳನ್ನು ಕಳೆಯುವ ಫ್ರಿಸ್ಟನ್ನರ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಕಳೆಯುವುದರಲ್ಲೂ ಒಂದು ಅಪಾಯವಿದೆ. ಮಿದುಳಿನಲ್ಲಿ ಗಡ್ಡೆ ಇರುವ ಒಬ್ಬರಿಗೆ ಶಸ್ತ್ರಚಿಕಿತ್ಸೆ ಆಗಬೇಕಿದೆ. ಕೈ ಆಡಿಸುವ ಕೇಂದ್ರ ಎಲ್ಲಿದೆ ಎಂದು ಮೊದಲೇ ತಿಳಿದರೆ ಅದನ್ನು ಮುಟ್ಟದೆ ಗಡ್ಡೆ ತೆಗೆಯಬಹುದು. ಅದಕ್ಕಾಗಿ ರೋಗಿಗೆ 20 ಸೆಕೆಂಡು ಬೆರಳು ಆಡಿಸಿ, 20 ಸೆಕೆಂಡು ಸುಮ್ಮನಿರಿ ಎನ್ನುತ್ತಾರೆ. ಬೆರಳು ಆಡಿಸುವಾಗಲೆಲ್ಲ ತಲೆಯೂ ಕೊಂಚ ಅಲುಗಿದರೆ? ಎರಡೂ ಒಂದೇ ತಾಳಕ್ಕೆ ನಡೆಯುತ್ತವೆ. ಅಲುಗಾಟವನ್ನು ಕಳೆಯದಿದ್ದರೆ ಮಿದುಳಿನ ಅಂಚಿನಲ್ಲಿ ಸುಳ್ಳು ಬಣ್ಣಗಳು ಕಾಣುತ್ತವೆ. ಕಳೆದರೆ ಅದರ ಜೊತೆ ನಿಜವಾದ ಕೈಯ ಸಂಕೇತವೂ ಹೊರಟುಹೋಗಬಹುದು. ಲೆಕ್ಕ ಎಷ್ಟೇ ಜಾಣತನದ್ದಾದರೂ ಮೂಲದಲ್ಲೇ ಅಲುಗಾಟ ಕಡಿಮೆಯಾಗುವುದಕ್ಕೆ ಅದು ಸಮನಲ್ಲ ಎನ್ನುವುದು ಇದಕ್ಕೇ.

2012ರ ತಿದ್ದುಪಡಿ

ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿದವರ ಮಿದುಳಿನಲ್ಲೂ ಸಂಕೇತ ನಿಧಾನವಾಗಿ ಏರಿಳಿಯುತ್ತಿರುತ್ತದೆ. ಒಂದೇ ಕೆಲಸದಲ್ಲಿ ಜೊತೆಯಾಗುವ ಭಾಗಗಳು, ಅವು ದೂರ ದೂರ ಇದ್ದರೂ, ಜೊತೆಜೊತೆಯಾಗಿ ಏರಿಳಿಯುತ್ತವೆ ಎಂದು ಭಾರತೀಯ ಮೂಲದ ಭರತ್ ಬಿಸ್ವಾಲ್ 1995ರಲ್ಲಿ ತೋರಿಸಿದರು. ಅಲ್ಲಿಂದ ಮಿದುಳಿನ ಭಾಗಗಳ ನಡುವಿನ ಸಂಪರ್ಕಜಾಲದ ಅಧ್ಯಯನ ದೊಡ್ಡದಾಗಿ ಬೆಳೆಯಿತು. ಇದರಲ್ಲಿ ಮಕ್ಕಳಿಗೆ ಪರೀಕ್ಷೆ ಕೊಡಬೇಕಿಲ್ಲ, ಮಲಗಿಸಿದರೆ ಸಾಕು.

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ತಂಡ 2007ರಿಂದ 2009ರ ಅವಧಿಯಲ್ಲಿ ಒಂದು ಆಕರ್ಷಕವಾದ ಫಲಿತಾಂಶ ಪ್ರಕಟಿಸಿತು. ಮಕ್ಕಳ ಮಿದುಳಿನಲ್ಲಿ ಹತ್ತಿರದ ಭಾಗಗಳ ನಡುವೆ ನಂಟು ಹೆಚ್ಚು, ದೂರದ ಭಾಗಗಳ ನಡುವೆ ಕಡಿಮೆ. ಬೆಳೆದಂತೆ ಹತ್ತಿರದ ನಂಟು ಸಡಿಲವಾಗಿ ದೂರದ ನಂಟು ಗಟ್ಟಿಯಾಗುತ್ತದೆ. ಓಣಿಯ ಗೆಳೆತನದಿಂದ ಊರಾಚೆಯ ಸಂಬಂಧಕ್ಕೆ ಬೆಳೆದ ಹಾಗೆ. ಕೇಳಲು ಎಷ್ಟು ಚೆಂದ!

ಅದೇ ತಂಡ 2012ರಲ್ಲಿ ಇನ್ನೊಂದು ಲೇಖನ ಪ್ರಕಟಿಸಿತು. ಜೊನಾಥನ್ ಪವರ್ ಮತ್ತು ಸಂಗಡಿಗರು ತಮ್ಮಲ್ಲಿದ್ದ ಚಿತ್ರಗಳಲ್ಲಿ ತಲೆ ಎಷ್ಟೆಷ್ಟು ಅಲುಗಿದೆ ಎಂದು ಒಂದೊಂದಾಗಿ ಅಳೆದಿದ್ದರು. ಎಲ್ಲ ತಿದ್ದುಪಡಿ ಆದ ಮೇಲೂ ಅಲುಗಾಟ ಒಂದು ನಿರ್ದಿಷ್ಟ ಗುರುತು ಬಿಟ್ಟಿತ್ತು. ತಲೆ ಎಳೆದಾಗ ಅಕ್ಕಪಕ್ಕದ ವಾಕ್ಸೆಲ್‌ಗಳಿಗೆ ಒಂದೇ ಬಗೆಯ ಪೆಟ್ಟು ಬೀಳುತ್ತದೆ, ಆದ್ದರಿಂದ ಅವು ಜೊತೆಯಾಗಿ ಏರಿಳಿದಂತೆ ಕಾಣುತ್ತವೆ. ದೂರದವುಗಳಿಗೆ ಬೀಳುವ ಪೆಟ್ಟು ಬೇರೆ, ಅವುಗಳ ನಂಟು ಕಡಿಮೆಯಾದಂತೆ ಕಾಣುತ್ತದೆ. ಎಂದರೆ ಹೆಚ್ಚು ಅಲುಗಾಡಿದವರ ಮಿದುಳಿನಲ್ಲಿ ಹತ್ತಿರದ ನಂಟು ಹೆಚ್ಚು, ದೂರದ್ದು ಕಡಿಮೆ. ಹೆಚ್ಚು ಅಲುಗಾಡುವವರು ಯಾರು? ಮಕ್ಕಳು! ಬೆಳವಣಿಗೆ ಎಂದು ತಿಳಿದದ್ದರ ಒಂದು ಭಾಗ ಅಲುಗಾಟವೇ ಆಗಿತ್ತು. ಅದೇ ವರ್ಷ ಹಾರ್ವರ್ಡ್ ಮತ್ತು ಪೆನ್ಸಿಲ್ವೇನಿಯಾದ ತಂಡಗಳೂ ಇದೇ ಎಚ್ಚರಿಕೆ ಕೊಟ್ಟವು. ಹಳೆಯ ಫಲಿತಾಂಶ ಪೂರ್ತಿ ಸುಳ್ಳಾಗಲಿಲ್ಲ, ಆದರೆ ಚೆನ್ನಾಗಿ ಕುಗ್ಗಿತು. ತಮ್ಮ ಹೆಸರು ತಂದ ಫಲಿತಾಂಶವನ್ನು ತಾವೇ ತಿದ್ದಿದ ಈ ತಂಡದ ಕೆಲಸ ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾದರಿ.

ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜ್ ಹಿಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೈ ನಡುಗಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಓದಿದರೆ ಹತ್ತು ಸಲ ಓದಿ ಸರಾಸರಿ ತೆಗೆದರೆ ಸರಿಹೋಗುತ್ತದೆ. ಆದರೆ ಉಪಕರಣಕ್ಕೇ ಶೂನ್ಯದೋಷ ಇದ್ದರೆ ಹತ್ತು ಸಲವಲ್ಲ, ಸಾವಿರ ಸಲ ಓದಿದರೂ ಹೋಗುವುದಿಲ್ಲ. ಅದನ್ನು ಬೇರೆಯಾಗಿ ಅಳೆದು ಕಳೆಯಬೇಕು. ತಲೆಯ ಅಲುಗಾಟ ಶೂನ್ಯದೋಷಕ್ಕಿಂತಲೂ ಕೆಟ್ಟದ್ದು. ಶೂನ್ಯದೋಷ ಎಲ್ಲರ ಅಳತೆಯಲ್ಲೂ ಒಂದೇ. ಅಲುಗಾಟದ ದೋಷವಾದರೋ ಹೋಲಿಸಬೇಕಾದ ಇಬ್ಬರಲ್ಲಿ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ಮಕ್ಕಳಿಗೂ ದೊಡ್ಡವರಿಗೂ ವ್ಯತ್ಯಾಸ ಹುಡುಕಲು ಹೋದರೆ ಸಿಗುವುದು ಅಲುಗಾಡುವವರಿಗೂ ಅಲುಗಾಡದವರಿಗೂ ಇರುವ ವ್ಯತ್ಯಾಸ.

ಗೂಡು ಆರಿಸಿದ ಹಾಗೆ

2012ರ ನಂತರ ಒಂದು ಕಟ್ಟುನಿಟ್ಟಾದ ಕ್ರಮ ಬಳಕೆಗೆ ಬಂತು. ಅಲುಗಾಟದ ಸಂಖ್ಯೆ 0.5 ಮಿಲಿಮೀಟರ್ ಮೀರಿದ ಚಿತ್ರಗಳನ್ನು ತೆಗೆದುಹಾಕುವುದು. ಇನ್ನೂ ಬಿಗಿಯಾಗಿ ನೋಡುವವರು 0.2 ಮಿಲಿಮೀಟರನ್ನೇ ಎಲ್ಲೆ ಮಾಡಿಕೊಂಡರು. ತಿ. ನರಸೀಪುರದವರಿಗೆ ರೇಷ್ಮೆ ನೂಲು ತೆಗೆಯುವ ಕೆಲಸ ಗೊತ್ತಿರುವುದೇ. ಮೈಸೂರು ಸೀರೆಯ ನೂಲಿಗೆ ಹೆಸರಾದ ಊರು ಅದು. ಕಲೆ ಬಿದ್ದ ಗೂಡು, ತೂತಾದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಇವನ್ನೆಲ್ಲ ಮೊದಲೇ ಆರಿಸಿ ಬಿಡುತ್ತಾರೆ. ಹಾಗೆಯೇ ಬಿಟ್ಟು ಬಿಚ್ಚಿದರೆ ಎಳೆ ಕಡಿಯುತ್ತದೆ, ನೂಲೆಲ್ಲ ಕೆಡುತ್ತದೆ. ಚಿತ್ರ ಆರಿಸುವುದೂ ಹಾಗೆಯೇ.

ಆದರೆ ಗೂಡು ಆರಿಸುವಾಗ ಬಾರದ ಒಂದು ಕಷ್ಟ ಇಲ್ಲಿದೆ. ಹೆಚ್ಚು ಅಲುಗಾಡಿದ ಮಕ್ಕಳ ಚಿತ್ರಗಳೆಲ್ಲ ಹೊರಗೆ ಹೋದರೆ, ಉಳಿಯುವುದು ತೆಪ್ಪಗೆ ಮಲಗಬಲ್ಲ ಮಕ್ಕಳು ಮಾತ್ರ. ಒಂದು ಕಡೆ ನಿಲ್ಲಲಾರದ ಮಕ್ಕಳ ತೊಂದರೆ ಏನೆಂದು ತಿಳಿಯಲು ಹೊರಟ ಅಧ್ಯಯನದಲ್ಲಿ ಆ ಮಕ್ಕಳೇ ಇಲ್ಲವಾದರೆ ಏನು ಪ್ರಯೋಜನ? ಎಷ್ಟು ಬಿಡಬೇಕು, ಎಷ್ಟು ಇಟ್ಟುಕೊಳ್ಳಬೇಕು ಎಂಬ ಚರ್ಚೆ ಇನ್ನೂ ನಿಂತಿಲ್ಲ.

ಮೈಸೂರಿನ ಮಕ್ಕಳು

ಇದು ದೂರದ ದೇಶದ ಮಾತಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಅಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆಗಳಿದ್ದವು. ಹುಟ್ಟಿದಾಗಿನ ತೂಕಕ್ಕೂ ಮುಂದೆ ಬರುವ ಮಧುಮೇಹ, ಹೃದಯರೋಗಗಳಿಗೂ ಇರುವ ಸಂಬಂಧ ತಿಳಿಯಲು ಆ ದಾಖಲೆಗಳು ಜಗತ್ತಿಗೇ ನೆರವಾದವು. 1997-98ರಲ್ಲಿ ಅಲ್ಲಿ ಬಸಿರಿಯರನ್ನು ಸೇರಿಸಿಕೊಂಡು ಆರಂಭಿಸಿದ ಇನ್ನೊಂದು ಅಧ್ಯಯನ, ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಹಿಂಬಾಲಿಸಿತು.

ಮುಂದೆ ಭಾರತ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗಳ ನೆರವಿನಿಂದ 'ಸಿ-ವೇದ' ಎಂಬ ದೊಡ್ಡ ಅಧ್ಯಯನ ನಡೆದಾಗ ಮೈಸೂರು ಅದರ ಕೇಂದ್ರಗಳಲ್ಲಿ ಒಂದಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಂದಾಳು. ದೇಶದ ಬೇರೆ ಬೇರೆ ಕಡೆಗಳಿಂದ ಸುಮಾರು ಒಂಬತ್ತು ಸಾವಿರ ಮಕ್ಕಳು ಮತ್ತು ಯುವಜನರು ಇದಕ್ಕೆ ಸೇರಿದರು. ಮಕ್ಕಳು ದುಶ್ಚಟಗಳಿಗೆ, ದುಡುಕಿನ ನಡವಳಿಕೆಗೆ ಬೀಳುವುದೇಕೆ, ಮನೆ ಮತ್ತು ಪರಿಸರದ ಪಾತ್ರವೇನು ಎಂದು ತಿಳಿಯುವುದು ಅದರ ಗುರಿ. ಅವರಲ್ಲಿ ಒಂದು ಭಾಗದವರಿಗೆ ಸುಮ್ಮನೆ ಮಲಗಿದಾಗಿನ ಎಫ್.ಎಂ.ಆರ್.ಐ. ಮಾಡುವುದೂ ಯೋಜನೆಯಲ್ಲಿತ್ತು. ಇದಕ್ಕೆ ಸೇರಿದವರ ವಯಸ್ಸು 6ರಿಂದ 23. ಆರು ವರ್ಷದ ಹುಡುಗನೂ ಇಪ್ಪತ್ತಮೂರರ ಯುವಕನೂ ಒಂದೇ ರೀತಿ ಮಲಗಲಾರರು. ಸೇಂಟ್ ಲೂಯಿಸ್‌ನ ಪಾಠ ಇಲ್ಲಿಯ ವಿಜ್ಞಾನಿಗಳಿಗೂ ಎಷ್ಟು ಮುಖ್ಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತುದಿಯಲ್ಲಿ ಹಿರಿಯರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ 45 ವರ್ಷ ದಾಟಿದ ಹಳ್ಳಿಗರ ಮರೆವು ಮತ್ತು ಮುಪ್ಪಿನ ಬಗ್ಗೆ ದೊಡ್ಡ ಅಧ್ಯಯನ ಕೈಗೊಂಡಿದೆ. ಅದರಲ್ಲೂ ಮಿದುಳಿನ ಎಂ.ಆರ್.ಐ. ಇದೆ. ವಯಸ್ಸಾದವರ ತಲೆಯೂ ಹೆಚ್ಚು ಅಲುಗುತ್ತದೆ. ಕೆಮ್ಮು, ಬೆನ್ನುನೋವು, ಕೈಕಾಲು ನಡುಕ, ಕಾರಣಗಳು ಬೇಕಾದಷ್ಟು.

ಮೊದಲು ಅಭ್ಯಾಸ, ಆಮೇಲೆ ಲೆಕ್ಕ

ಎಲ್ಲ ತಿದ್ದುಪಡಿಗಳಿಗಿಂತ ಮಿಗಿಲಾದ್ದು ಅಲುಗಾಟ ಆಗದಂತೆ ನೋಡಿಕೊಳ್ಳುವುದು. ಅದಕ್ಕಾಗಿ ತಲೆಯ ಎರಡೂ ಕಡೆ ಸ್ಪಂಜಿನ ದಿಂಬು ಇಡುತ್ತಾರೆ. ಕಾಂತವಿಲ್ಲದ ಸುಳ್ಳು ಯಂತ್ರದಲ್ಲಿ ಮಕ್ಕಳನ್ನು ಮಲಗಿಸಿ ಮೊದಲೇ ಅಭ್ಯಾಸ ಮಾಡಿಸುವ ಕೇಂದ್ರಗಳಿವೆ. ಚಲನಚಿತ್ರ ತೋರಿಸಿದರೆ ಮಕ್ಕಳು ಕಡಿಮೆ ಅಲುಗಾಡುತ್ತಾರೆ ಎಂದು ಕಂಡುಬಂದಿದೆ. ಅಮೆರಿಕದಲ್ಲಿ 2017ರ ಹೊತ್ತಿಗೆ, ಚಿತ್ರ ತೆಗೆಯುತ್ತಿರುವಾಗಲೇ ಅಲುಗಾಟವನ್ನು ಲೆಕ್ಕ ಹಾಕಿ ತೋರಿಸುವ ಕಂಪ್ಯೂಟರ್ ಕ್ರಮ ಸಿದ್ಧವಾಯಿತು. ಬೇಕಾದಷ್ಟು ಒಳ್ಳೆಯ ಚಿತ್ರಗಳು ಸಿಕ್ಕಿವೆಯೇ ಎಂದು ಅಲ್ಲೇ ತಿಳಿಯುತ್ತದೆ, ಸಿಕ್ಕ ಕೂಡಲೆ ಮಗುವನ್ನು ಕೆಳಗಿಳಿಸಬಹುದು.

ತಂದೆತಾಯಿಗಳೂ ಇದರಲ್ಲಿ ನೆರವಾಗಬಹುದು. ಮಗುವನ್ನು ಮೈಸೂರಿಗೋ ಬೆಂಗಳೂರಿಗೋ ಎಂ.ಆರ್.ಐ.ಗೆ ಕರೆದೊಯ್ಯಬೇಕಾಗಿ ಬಂದರೆ, ಅಲ್ಲಿ ಏನಾಗುತ್ತದೆ ಎಂದು ಮನೆಯಲ್ಲೇ ಹೇಳಿರಬೇಕು. ಯಂತ್ರ ಡಬಡಬ ಎಂದು ಜೋರಾಗಿ ಸದ್ದು ಮಾಡುತ್ತದೆ, ಕಿವಿಗೆ ಮುಚ್ಚಿಗೆ ಕೊಡುತ್ತಾರೆ, ಏನೂ ಚುಚ್ಚುವುದಿಲ್ಲ ಎಂದರೆ (ಚುಚ್ಚುಮದ್ದು ಬೇಕಾದರೆ ಅದನ್ನೂ ಸುಳ್ಳು ಹೇಳದೆ ತಿಳಿಸಬೇಕು) ಮಗುವಿನ ಭಯ ಅರ್ಧ ಇಳಿಯುತ್ತದೆ. ಹಿಂದಿನ ರಾತ್ರಿ ಚಾಪೆಯ ಮೇಲೆ ಮಲಗಿಸಿ ಐದು ನಿಮಿಷ 'ಕಲ್ಲಿನ ಬೊಂಬೆ' ಆಟ ಆಡಿಸಬಹುದು. ಪರೀಕ್ಷೆಗೆ ಮೊದಲು ಶೌಚಕ್ಕೆ ಕರೆದೊಯ್ಯಬೇಕು. ಕಾಲುಗೆಜ್ಜೆ, ಉಡಿದಾರ, ತಾಯಿತ, ತಲೆಪಿನ್ನು ಎಲ್ಲವನ್ನೂ ತೆಗೆದಿರಬೇಕು. ಶರೀರದೊಳಗೆ ಲೋಹದ ಸಲಾಕೆ, ಪೇಸ್‌ಮೇಕರ್ ಅಥವಾ ಕಿವುಡು ಮಕ್ಕಳಿಗೆ ಒಳಗಿವಿಯಲ್ಲಿ ಅಳವಡಿಸುವ ಕಾಕ್ಲಿಯರ್ ಉಪಕರಣ ಇದ್ದರೆ ವೈದ್ಯರಿಗೆ ಮೊದಲೇ ಹೇಳಲೇಬೇಕು. ಅಲುಗಾಡಿದ್ದಕ್ಕೆ ಮಗುವನ್ನು ಗದರಿಸುವುದರಿಂದ ಲಾಭವಿಲ್ಲ, ಅಳುವ ಮಗು ಇನ್ನಷ್ಟು ಅಲುಗಾಡುತ್ತದೆ.

ಮಾಡಿ ನೋಡಿ

ಒಂದು ಗ್ರಾಫ್ ಹಾಳೆಯ ಬಲ ಅರ್ಧಕ್ಕೆ ಪೆನ್ಸಿಲಿನಿಂದ ಕಪ್ಪು ಬಳಿಯಿರಿ. ಅದು ಮಿದುಳು. ಎಡ ಅರ್ಧ ಖಾಲಿ ಇರಲಿ. ರಟ್ಟಿನಲ್ಲಿ 3 ಸೆಂಟಿಮೀಟರ್ ಚೌಕದ ಕಿಂಡಿ ಕತ್ತರಿಸಿ. ಅದು ಯಂತ್ರದ ವಾಕ್ಸೆಲ್, ಹತ್ತು ಪಟ್ಟು ದೊಡ್ಡದು. ಕಿಂಡಿಯ ಎಡ ಅಂಚು ಕಪ್ಪಿನ ಅಂಚಿಗೆ ಸರಿಯಾಗಿ ಕೂರುವಂತೆ ಇಡಿ. ಕಿಂಡಿಯಲ್ಲಿ ಮಿಲಿಮೀಟರ್ ಚೌಕಗಳು 900, ಎಲ್ಲವೂ ಕಪ್ಪು. ರಟ್ಟನ್ನು ಹಾಗೆಯೇ ಹಿಡಿದು ಹಾಳೆಯನ್ನು 5 ಮಿಲಿಮೀಟರ್ ಬಲಕ್ಕೆ ಎಳೆಯಿರಿ. ಈಗ ಕಪ್ಪು ಚೌಕ ಎಷ್ಟು? 750. ಇನ್ನು ಕಿಂಡಿಯನ್ನು ಕಪ್ಪಿನ ನಟ್ಟನಡುವೆ ಇಟ್ಟು ಹಾಳೆಯನ್ನು ಅಷ್ಟೇ ಎಳೆಯಿರಿ. ಒಂದು ಚೌಕವೂ ಕಡಿಮೆಯಾಗುವುದಿಲ್ಲ. ಅಲುಗಾಟದ ಪೆಟ್ಟು ಅಂಚಿನಲ್ಲೇ ಏಕೆ ಹೆಚ್ಚು ಎಂಬುದು ಇದರಿಂದ ತಾನಾಗಿಯೇ ಹೊಳೆಯುತ್ತದೆ. ಹಾಳೆಯನ್ನು ಎಳೆಯುವ ಬದಲು 5 ಡಿಗ್ರಿ ತಿರುಗಿಸಿದರೆ ಏನಾಗುತ್ತದೆ, ಅದನ್ನು ವಿದ್ಯಾರ್ಥಿಗಳೇ ಎಣಿಸಿ ನೋಡಲಿ.

ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಿ 'ಶೂನ್ಯದೋಷ' ಎಂಬ ಒಂದು ಸಾಲು ಇರುತ್ತದೆ. ಉಪಕರಣವನ್ನು ನೋಡದೆಯೇ ಅಲ್ಲಿ 'ಇಲ್ಲ' ಎಂದು ಬರೆದು ಮುಂದಕ್ಕೆ ಹೋಗುವ ಅಭ್ಯಾಸ ಅನೇಕರಿಗಿದೆ. ಆ ಒಂದು ಸಾಲನ್ನು ನಿಜವಾಗಿ ಅಳೆದು ತುಂಬಿದವರಿಂದಲೇ 2012ರಲ್ಲಿ ಒಂದು ವಿಜ್ಞಾನ ಸರಿದಾರಿಗೆ ಬಂತು ಎಂಬುದನ್ನು ಮುಂದಿನ ಸಲ ಸ್ಕ್ರೂ ಗೇಜ್ ಕೈಗೆತ್ತಿಕೊಂಡಾಗ ನೆನೆಯಬಹುದು.